ಏರಿಗೊಂದು ಇಂಜಿನ್

ಏರು ಬಂದರೆ ನಾನು ಸೀಟಿನಿಂದ ತುಸು ಮೇಲೆದ್ದು ಉಸಿರು ಬಿಗಿಹಿಡಿಯುತ್ತೇನೆ. ಬೈಕಿನ ಮೇಲಿದ್ದಾಗ ಮಾತ್ರವಲ್ಲ, ಬಸ್ಸಿನಲ್ಲೂ ಹೀಗೆಯೇ. ಹೆಬ್ಬಾಳದ ಫ್ಲೈಓವರ್ ಹತ್ತುವಾಗ, ಬಸ್ಸಿನ ತುಂಬ ಜನರಿದ್ದರೂ, ನನ್ನೊಬ್ಬಳ ಭಾರ ಕಡಿಮೆಯಾದರೆ ಅದಕ್ಕೆ ಎಷ್ಟೋ ನಿರಾಳ ಎಂದು ನನ್ನ ಮೈ ನಂಬಿಕೊಂಡಿದೆ. ನಾನು ಕೆಲಸ ಮಾಡುವುದು ಯಲಹಂಕದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಒಂದು ದಿನ ಅಲ್ಲಿಯ ಲಿಫ್ಟಿನಲ್ಲಿ ನಾನು ಹಿಮ್ಮಡಿ ಎತ್ತಿ ನಿಂತಿದ್ದನ್ನು ಕಂಡ ಡಾಕ್ಟರು, "ಕಾಲು ಹಿಡ್ಕೊಂಡಿದೆಯಾ?" ಎಂದು ಕೇಳಿದರು. ಹೌದು ಎಂದೆ. ಲಿಫ್ಟಿಗೆ ಸಹಾಯ ಮಾಡುತ್ತಿದ್ದೇನೆ ಎನ್ನುವುದಕ್ಕಿಂತ ಅದೇ ಮರ್ಯಾದೆಯ ಉತ್ತರ.

ಈ ಅಭ್ಯಾಸ ಬಂದದ್ದು ಅಪ್ಪನ ಸ್ಕೂಟರಿನಿಂದ. ಆ ಕಾಲದ ಸ್ಕೂಟರುಗಳ ಸ್ವಭಾವ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಒಂದು ಪಕ್ಕಕ್ಕೆ ಬಾಗಿಸಿ, ಒಂದಷ್ಟು ಸಮಾಧಾನ ಹೇಳಿ, ಆಮೇಲೆ ಒದೆಯಬೇಕು. ಒದ್ದರೂ ಅದು ಕೂಡಲೇ ಹೊರಡುತ್ತಿರಲಿಲ್ಲ. ಆಗ ನಾವು ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿದ್ದೆವು. ತಮ್ಮ ಮುಂದೆ ನಿಲ್ಲುತ್ತಿದ್ದ, ಅಪ್ಪ ಓಡಿಸುತ್ತಿದ್ದರು, ಅಮ್ಮ ಹಿಂದೆ ಒಂದು ಪಕ್ಕಕ್ಕೆ ಕೂರುತ್ತಿದ್ದಳು, ನಾನು ಅವರಿಬ್ಬರ ನಡುವೆ. ಬಾಲ್ಯದಲ್ಲಿ ನಾನು ಎಷ್ಟೋ ಊರು ಸುತ್ತಿದ್ದೇನೆ ಎಂದು ಮನೆಯವರು ಹೇಳುತ್ತಾರೆ. ನಾನು ಕಂಡಿದ್ದು ಅಪ್ಪನ ಅಂಗಿಯ ಬೆನ್ನನ್ನು ಮಾತ್ರ. ಅದರಲ್ಲೂ ನೀಲಿ ಗೀಟಿನ ಅಂಗಿಯಾದರೆ ಗುಡ್ಡಕ್ಕೆ, ಬಿಳಿಯದಾದರೆ ಮದುವೆಗೆ.

ಗುಡ್ಡವೆಂದರೆ ನಮ್ಮ ಮನೆದೇವರ ಗುಡ್ಡ. ರಾಜಾನುಕುಂಟೆ ದಾಟಿ ಒಳಗೆ ಹೋದರೆ ಸಿಗುತ್ತದೆ. ಹೆಚ್ಚು ಜನ ಬರುವ ಜಾಗವಲ್ಲ. ದೇವರಿಗೂ ಜನ ಬರಲಿ ಎಂಬ ಆಸೆ ಇದ್ದಂತಿಲ್ಲ, ಇದ್ದಿದ್ದರೆ ಅಷ್ಟು ಮೇಲೆ ಹೋಗಿ ಕೂರುತ್ತಿರಲಿಲ್ಲ. ತಿಂಗಳಿಗೊಂದು ಶನಿವಾರ ನಾವು ನಾಲ್ವರೂ ಅಲ್ಲಿಗೆ ಹೋಗುವುದು ಅಪ್ಪ ಹಾಕಿಕೊಂಡ ನಿಯಮ. ದಾರಿಯುದ್ದಕ್ಕೂ ಸ್ಕೂಟರು ಹೇಗೋ ಬರುತ್ತಿತ್ತು. ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ಕಟ್ಟೆ ಇದೆ, ಅಲ್ಲಿಗೆ ಬಂದ ಕೂಡಲೇ ಗೋಳಿಡಲು ಶುರುಮಾಡುತ್ತಿತ್ತು. ಇಂಜಿನ್ನು ಊರಿಗೆಲ್ಲ ಕೇಳುವಂತೆ ಅರಚುತ್ತಿತ್ತು, ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು. ಅಪ್ಪ ಹಿಂದೆ ತಿರುಗದೆ, "ಎಳೀತಿಲ್ಲ ಕಣೆ, ಇಳಿ" ಎನ್ನುತ್ತಿದ್ದರು. ಅಮ್ಮ ಇಳಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಡೆಯಲು ಶುರುಮಾಡುತ್ತಿದ್ದಳು. ನಾವು ಮೂವರು ಜರ್‍ರನೆ ಮೇಲೆ ಹೋಗಿ ಅವಳಿಗಾಗಿ ಕಾಯುತ್ತಿದ್ದೆವು.

ಆ ಕಾಯುವಿಕೆಯಷ್ಟು ಸಂಕಟದ ಸಂಗತಿ ನನ್ನ ಬಾಲ್ಯದಲ್ಲಿ ಬೇರೆ ಇಲ್ಲ. ತಮ್ಮ ಹುಣಸೆ ಮರಕ್ಕೆ ಕಲ್ಲು ಹೊಡೆಯುತ್ತಿದ್ದ. ಅಪ್ಪ ಪೇಪರು ಓದುತ್ತಿದ್ದರು. ನಾನೊಬ್ಬಳೇ ರಸ್ತೆಯ ತಿರುವನ್ನು ನೋಡುತ್ತ ನಿಂತಿರುತ್ತಿದ್ದೆ. ಬೇರೆಯವರ ಸ್ಕೂಟರುಗಳು ತಮ್ಮ ತಮ್ಮ ಅಮ್ಮಂದಿರನ್ನು ಕೂರಿಸಿಕೊಂಡೇ ಬರುತ್ತಿದ್ದವು. ನಮ್ಮಮ್ಮ ಮಾತ್ರ ಬಿಸಿಲಿನಲ್ಲಿ ನಡೆದು ಬರಬೇಕು. ಬಹಳ ಹೊತ್ತಿನ ಮೇಲೆ ಅವಳು ಕಾಣಿಸಿಕೊಂಡಾಗ ನಾನು ನೀರಿನ ಬಾಟಲಿ ಹಿಡಿದು ಓಡುತ್ತಿದ್ದೆ. ದೊಡ್ಡವಳಾದ ಮೇಲೆ ಎಂಥ ಏರಿದ್ದರೂ ಅಮ್ಮನನ್ನು ಕೆಳಗಿಳಿಸದ ಗಾಡಿ ಕೊಳ್ಳುತ್ತೇನೆ ಎಂದು ದೇವರ ಮುಂದೆ ಹೇಳಿಕೊಂಡದ್ದೂ ಉಂಟು. ಉಳಿದ ಮಕ್ಕಳು ಆ ವಯಸ್ಸಿನಲ್ಲಿ ಪರೀಕ್ಷೆ ಪಾಸು ಮಾಡಿಸು ಎಂದು ಕೇಳುತ್ತಿದ್ದರು. ನಾನೂ ಅದನ್ನೇ ಕೇಳಬಹುದಿತ್ತು ಎಂದು ಆಮೇಲೆ ಅಂಕಪಟ್ಟಿ ನೋಡಿದಾಗ ಅನ್ನಿಸಿತು.

ಗಾಡಿಯನ್ನಂತೂ ಕೊಂಡೆ. ಕ್ರೂಸರ್ ಎನ್ನುತ್ತಾರಲ್ಲ, ಅದು. ಉದ್ದದ ಮೈ, ತಗ್ಗಿನ ಸೀಟು, ಕಾಲು ಮುಂದೆ ಚಾಚಿ ಕೂತರೆ ಆರಾಮಕುರ್ಚಿಯಲ್ಲಿ ಕೂತ ಹಾಗೆ. ನಲವತ್ತೈದು ದಾಟಿದ ಹೆಂಗಸು ಇಂಥ ಗಾಡಿ ಓಡಿಸಿದರೆ ಯಲಹಂಕ ನ್ಯೂ ಟೌನಿನಲ್ಲಿ ಯಾರೂ ಏನೂ ಅನ್ನುವುದಿಲ್ಲ, ಸುಮ್ಮನೆ ನೋಡುತ್ತಾರೆ. ನನ್ನ ಗಂಡ ಸುರೇಶರು ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಅಕೌಂಟೆನ್ಸಿ ಹೇಳಿಕೊಡುತ್ತಾರೆ. ಅವರಿಗೆ ಸೈಕಲ್ಲಿಗಿಂತ ಮುಂದಿನ ವಾಹನ ಒಲಿಯಲಿಲ್ಲ. ಹಿಂದೆ ಕೂರುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ತಿರುವಿನಲ್ಲಿ ಸರಿಯಾಗಿ ವಾಲುತ್ತಾರೆ, ಎಂದೂ ಭುಜ ಹಿಡಿಯುವುದಿಲ್ಲ, ದಾರಿ ಹೇಳುವುದಿಲ್ಲ. ಯಶವಂತಪುರದ ಮಾರುಕಟ್ಟೆಗೆ ಹೋದಾಗ ಹಮಾಲಿ ಈರುಳ್ಳಿ ಚೀಲವನ್ನು ನೇರವಾಗಿ ಅವರ ತೊಡೆಯ ಮೇಲಿಟ್ಟು, "ಹಿಡ್ಕಳಿ ಸಾ" ಎನ್ನುತ್ತಾನೆ. ಸಿಗ್ನಲ್ಲಿನಲ್ಲಿ ಪೊಲೀಸರು ಗಾಡಿ ಓಡಿಸುವ ನನ್ನನ್ನು ಬಿಟ್ಟು ಅವರ ಲೈಸೆನ್ಸ್ ಕೇಳುತ್ತಾರೆ. ಅವರು ಕಾಲೇಜಿನ ಗುರುತಿನ ಚೀಟಿ ತೆಗೆದು ತೋರಿಸುತ್ತಾರೆ. ಪೊಲೀಸರು ಅದನ್ನೇ ನೋಡಿ, "ಹೋಗಿ" ಎಂದದ್ದೂ ಇದೆ.

ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಗುಡ್ಡಕ್ಕೆ ಹೋಗುವುದು ಅಪ್ಪನೊಂದಿಗೇ ನಿಂತುಹೋಯಿತು. ಒಂದು ಬೆಳಿಗ್ಗೆ ಕಾಫಿ ಕುಡಿಯುವಾಗ ಅಮ್ಮ ಇದ್ದಕ್ಕಿದ್ದಂತೆ, "ಒಂದ್ಸಲ ಗುಡ್ಡಕ್ಕೆ ಹೋಗ್ಬೇಕು ಕಣೆ" ಎಂದಳು.

"ಕಾರ್ ಮಾಡ್ಕೊಂಡು ಹೋಗೋಣಮ್ಮ."

"ಕಾರ್ ಹತ್ತಿದ್ರೆ ನಂಗೆ ವಾಂತಿ. ನಿನ್ ಗಾಡಿ ಇದೆಯಲ್ಲ."

ನಾನು ಲೋಟ ಕೆಳಗಿಟ್ಟೆ. ಸಿಂಕಿನ ಮುಂದೆ ನಿಂತ ಸುರೇಶರು, "ಹೋಗ್ಬನ್ನಿ, ಒಳ್ಳೇದಾಯ್ತು" ಎಂದರು. ಅವರಿಗೆ ಇದು ಒಂದು ಶನಿವಾರದ ಮಾತು. ನನಗೆ ಮಾತ್ರ ಕಲ್ಲಿನ ಕಟ್ಟೆ ಕಾಣಿಸಿತು, ಇಂಜಿನ್ನು ಅರಚುವುದು ಕೇಳಿಸಿತು. ಅಮ್ಮನಿಗೆ ಎಪ್ಪತ್ತು ದಾಟಿದೆ. ಈ ಸಲ ಅವಳು ಗುಡ್ಡದ ಬುಡದಿಂದ ತುದಿಯವರೆಗೆ ಕೂತೇ ಹೋಗಬೇಕು. ಎಲ್ಲಾದರೂ ಗಾಡಿ ಎಳೆಯದೆ ಇಳಿ ಎನ್ನಬೇಕಾಗಿ ಬಂದರೆ ಈ ಗಾಡಿ ಕೊಂಡದ್ದೇ ದಂಡ. ಹೀಗೆ ನನ್ನ ಇಂಜಿನ್ ಯೋಜನೆ ಹುಟ್ಟಿತು.

"ನಿನ್ ಗಾಡಿ ಈಗ್ಲೇ ಎಲ್ಲಾ ಏರೂ ಹತ್ತುತ್ತಲ್ಲ" ಎಂದರು ಸುರೇಶರು. ಅವರು ಹಿಂದೆ ಕೂತು ನಂದಿಬೆಟ್ಟ ಹತ್ತಿದವರು, ಜೊತೆಗೆ ಅಮ್ಮನಿಗಿಂತ ಭಾರ. ಅವರ ಮಾತಿನಲ್ಲಿ ತರ್ಕವಿತ್ತು. ಆದರೆ ಬಾಲ್ಯದ ವಿಷಯಕ್ಕೆ ತರ್ಕ ತಂದರೆ ನನಗೆ ಸಿಟ್ಟು ಬರುತ್ತದೆ.

ಗಾಡಿಯನ್ನು ಇಮ್ತಿಯಾಜ್ ಭಾಯ್ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಆರ್.ಟಿ. ನಗರದಲ್ಲಿ ನಮ್ಮ ಹಳೆಯ ಮನೆಯಿಂದ ಎರಡು ರಸ್ತೆ ಆಚೆಗಿದೆ ಅದು. ಭಾಯ್ ಇಂಜಿನ್ನುಗಳ ಬಗ್ಗೆ ಮಾತಾಡಲು ಕೂತರೆ ಏಳುವುದಿಲ್ಲ. ಅವರಿಗಿರುವ ತೊಂದರೆ ಒಂದೇ. ನಾನು ಏನು ಕೇಳಿದರೂ ಉತ್ತರವನ್ನು ಸುರೇಶರಿಗೆ ಕೊಡುತ್ತಾರೆ. ಹೆಂಗಸಿಗೆ ಪಿಸ್ಟನ್ ಬಗ್ಗೆ ಹೇಳುವುದು ಅಸಭ್ಯವೆಂದು ಎಲ್ಲೋ ಕಲಿತಿರಬೇಕು. ಆದ್ದರಿಂದ ಪ್ರತಿ ಭಾನುವಾರ ನಾನು ಸುರೇಶರನ್ನು ಕರೆದುಕೊಂಡು ಹೋಗಲೇಬೇಕಾಯಿತು, ಉತ್ತರ ಇಡಲು ಒಂದು ಜಾಗ ಬೇಕಲ್ಲ.

"ನೋಡಿ ಸಾರ್" ಎಂದರು ಭಾಯ್ ಗಂಡನ ಕಡೆ ತಿರುಗಿ. "ಗಾಡಿ ಮಸ್ತ್ ಗಾಡಿ. ಆದ್ರೆ ಕಂಪ್ನಿಯೋರು ಇಂಜಿನ್ನ ಅರ್ಧ ಮಲಗ್ಸಿ ಕಳಿಸ್ತಾರೆ. ನಾವ್ ಎಬ್ಬಿಸ್ಬೇಕು ಅಷ್ಟೇ."

"ಎಬ್ಬಿಸೋದು ಅಂದ್ರೆ?" ಎಂದು ಕೇಳಿದೆ.

"ಸಿಲಿಂಡರ್ ದೊಡ್ಡದು ಹಾಕೋಣ ಸಾರ್, ಅದಕ್ಕೆ ತಕ್ಕ ಪಿಸ್ಟನ್ನು. ಕ್ಯಾಮ್ ಬದ್ಲಾಯ್ಸೋಣ. ಏರ್ ಫಿಲ್ಟರ್ ಫ್ರೀ ಮಾಡೋಣ. ಸೈಲೆನ್ಸರ್ ಮುಟ್ಟೋದ್ ಬೇಡ, ಪೊಲೀಸರು ಬಿಡಲ್ಲ."

ಸುರೇಶರು ಗಂಭೀರವಾಗಿ ತಲೆಯಾಡಿಸಿದರು. ಕ್ಯಾಮ್ ಎಂದರೆ ಕ್ಯಾಮೆರಾ ಎಂದುಕೊಂಡಿದ್ದಾರೆ ಎಂದು ನನಗೆ ಗೊತ್ತಾಯಿತು. ಮನೆಗೆ ಬಂದ ಮೇಲೆ, ಇಂಜಿನ್ನಿನ ಬಾಗಿಲುಗಳು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ತೀರ್ಮಾನಿಸುವ ಸಣ್ಣ ಸಲಾಕೆ ಅದು ಎಂದು ವಿವರಿಸಿದೆ. "ಓ, ನಮ್ಮ ಪ್ರಿನ್ಸಿಪಾಲರ ಹಾಗೆ" ಎಂದರು.

ಯೋಜನೆ ಎಂಬುದು ಬಹಳ ರುಚಿಯ ಪದಾರ್ಥ. ಮಾಡುವ ಕೆಲಸಕ್ಕೆ ಮೈ ಬಗ್ಗಬೇಕು, ಯೋಜನೆಗೆ ಕುರ್ಚಿ ಸಾಕು. ಲ್ಯಾಬಿನಲ್ಲಿ ಜನರ ತೋಳಿಗೆ ರಬ್ಬರು ಪಟ್ಟಿ ಕಟ್ಟುತ್ತಿದ್ದಾಗಲೂ ನನ್ನ ತಲೆಯಲ್ಲಿ ಪಿಸ್ಟನ್ನು ಏರುತ್ತಿತ್ತು, ಇಳಿಯುತ್ತಿತ್ತು. ಸಂಜೆ ಕೂತು ಇಂಜಿನ್ ಬಿಚ್ಚುವ ವೀಡಿಯೋ ನೋಡುತ್ತಿದ್ದೆ. ಅಮ್ಮ ಅವರೆಕಾಯಿ ಬಿಡಿಸಲು ಪಕ್ಕದಲ್ಲಿ ಬಂದು ಕೂತು, "ಯಾರಿಗೆ ಆಪರೇಷನ್ನು?" ಎಂದು ಕೇಳಿದಳು. ಗಾಡಿಗೆ ಎಂದೆ. "ಏನಾಗಿದೆ ಅದಕ್ಕೆ?" ಎಂದಳು. "ಏನೂ ಆಗಿಲ್ಲ, ನಿನ್ನನ್ನ ಗುಡ್ಡ ಹತ್ತಿಸೋಕೆ" ಎಂದೆ. ಅಮ್ಮ ನನ್ನ ಮುಖ ನೋಡಿ, ಅವರೆಕಾಯಿ ಬಿಡಿಸುವುದನ್ನು ಮುಂದುವರಿಸಿದಳು.

ಕೊನೆಗೆ ಎಲ್ಲ ಬಂದು ನಿಂತದ್ದು ಕ್ಯಾಮ್ ಮೇಲೆ. "ಎರಡು ತರ ಸಿಗುತ್ತೆ ಸಾರ್" ಎಂದರು ಭಾಯ್. "ಒಂದು ಎಳೆಯೋದು, ಒಂದು ಓಡೋದು. ಎಳೆಯೋದ್ರಲ್ಲಿ ಏರಿಗೆ ದಮ್ ಇರುತ್ತೆ, ಸ್ಪೀಡ್ ಅಷ್ಟಕ್ಕಷ್ಟೆ. ಓಡೋದ್ರಲ್ಲಿ ಖಾಲಿ ರೋಡ್ ಸಿಕ್ರೆ, ಏರ್‌ಪೋರ್ಟ್ ಕಡೆ, ಹಾರ್ಕೊಂಡ್ ಹೋಗುತ್ತೆ. ಎರಡೂ ಒಂದ್ರಲ್ಲಿ ಸಿಗಲ್ಲ. ಯಾವ್ದು?"

"ಎಳೆಯೋದು" ಎಂದೆ. "ಅಮ್ಮನಿಗೋಸ್ಕರ ತಾನೆ ಮಾಡಿಸ್ತಿರೋದು."

ಭಾಯ್ ಮೊದಲ ಬಾರಿಗೆ ನನ್ನ ಕಡೆ ತಿರುಗಿದರು. "ಅಮ್ಮಂಗಾ? ದೊಡ್ಡ ಕೆಲ್ಸ ಮೇಡಂ ಅದು, ದುವಾ ಸಿಗುತ್ತೆ" ಎಂದರು. ನಾನು ವಿನಯದಿಂದ ನೆಲ ನೋಡಿದೆ. ಓಡುವ ಕ್ಯಾಮ್ ಅಲ್ಲೇ ಬೆಂಚಿನ ಮೇಲೆ ಯಾವುದೋ ಬೇರೆ ಗಾಡಿಗೆಂದು ಕಾಗದದಲ್ಲಿ ಸುತ್ತಿಟ್ಟಿತ್ತು. ಅದನ್ನು ಎತ್ತಿ, ತೂಕ ನೋಡಿ, ಇಟ್ಟಲ್ಲೇ ಇಟ್ಟೆ. ಸುರೇಶರು ನನ್ನನ್ನೇ ನೋಡುತ್ತಿದ್ದರು.

ಭಾಯ್ ಅವರದ್ದು ಒಂದು ಕ್ರಮ ಇದೆ. ಇಂಜಿನ್ ಬಿಚ್ಚುವ ಮೊದಲು ಗಾಡಿಯವರು ಅದನ್ನು ಇದ್ದ ಹಾಗೆಯೇ, ಯಾವ ದಾರಿಗೆ ಬೇಕೋ ಆ ದಾರಿಯಲ್ಲಿ, ಯಾರನ್ನು ಕೂರಿಸಬೇಕೋ ಅವರನ್ನೇ ಕೂರಿಸಿಕೊಂಡು ಓಡಿಸಿ ಬರಬೇಕು. "ಎಲ್ಲಿ ದಮ್ ಕಟ್ಟುತ್ತೆ ನೋಡ್ಕೊಂಡ್ ಬನ್ನಿ. ಆ ಜಾಗ ಗೊತ್ತಿಲ್ದೆ ಬಿಚ್ಚಬಾರ್ದು. ಬೇಕಿಲ್ದೆ ಇರೋದೆಲ್ಲ ಎಬ್ಬಿಸ್ದಂಗೆ ಆಗುತ್ತೆ" ಎಂದರು. ಹಾಗಾಗಿ ಮುಂದಿನ ಶನಿವಾರವೇ ಅಮ್ಮನನ್ನು ಕರೆದುಕೊಂಡು ಹೊರಟೆ. ಇದು ಬರೀ ಪರೀಕ್ಷೆ, ನಿಜವಾದ ಪ್ರಯಾಣ ಇಂಜಿನ್ನು ಆದ ಮೇಲೆ ಎಂದು ಅವಳಿಗೆ ಹೇಳಿದೆ. "ದೇವರು ಎರಡು ಸಲಾನೂ ಅಲ್ಲೇ ಇರ್ತಾನಲ್ಲ" ಎಂದಳು.

ಹೆಲ್ಮೆಟ್ಟಿನ ವಿಷಯದಲ್ಲಿ ಸ್ವಲ್ಪ ಗಲಾಟೆಯಾಯಿತು. ಅಮ್ಮನ ತುರುಬು ಅದರೊಳಗೆ ಹೋಗಲಿಲ್ಲ. ತುರುಬು ಬಿಚ್ಚಿ ಜಡೆ ಹಾಕು ಎಂದೆ. ಈ ವಯಸ್ಸಿನಲ್ಲಿ ಜಡೆ ಹಾಕಿಕೊಂಡು ಬೀದಿಗೆ ಬರಲಾರೆ ಎಂದಳು. ಹೆಲ್ಮೆಟ್ ಹಾಕಿದ ಮೇಲೆ ನೀನು ಯಾರೆಂದೇ ಗೊತ್ತಾಗುವುದಿಲ್ಲ ಎಂದ ಮೇಲೆ ಒಪ್ಪಿದಳು. ಹಿಂದೆ ಒಂದು ಪಕ್ಕಕ್ಕೆ ಕೂತು, ಒಂದು ಕೈ ನನ್ನ ಭುಜದ ಮೇಲಿಟ್ಟು, ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದತೊಡಗಿದಳು. ರಾಜಾನುಕುಂಟೆಯ ಹತ್ತಿರ ಹೊಲಗಳೆಲ್ಲ ಸೈಟುಗಳಾಗಿರುವುದರಿಂದ ಓದಲು ಬೇಕಾದಷ್ಟಿತ್ತು. "ಪೂರ್ವಾಭಿಮುಖ ನಿವೇಶನಗಳು" ಎಂದು ಒಂದೇ ಉಸಿರಿಗೆ ಓದಿ, "ಎಲ್ರಿಗೂ ಪೂರ್ವಾನೇ ಕೊಟ್ರೆ ಪಶ್ಚಿಮಕ್ಕೆ ಯಾರ್ ಇರ್ತಾರಂತೆ?" ಎಂದು ನನ್ನ ಹೆಲ್ಮೆಟ್ಟಿಗೆ ಕೇಳಿದಳು.

ಗುಡ್ಡದ ಬುಡಕ್ಕೆ ಬಂದೆವು. ನಾನು ಗೇರ್ ಇಳಿಸಿ, ಸೀಟಿನಿಂದ ತುಸು ಮೇಲೆದ್ದೆ. ಗಾಡಿ ಏರತೊಡಗಿತು. ಎಲ್ಲೂ ದಮ್ ಕಟ್ಟುವ ಲಕ್ಷಣವೇ ಇಲ್ಲ. ಸುರೇಶರು ಹೇಳಿದ್ದು ಸರಿ ಎಂಬ ವಿಚಾರ ಬಂದು, ಅದನ್ನು ಅವರಿಗೆ ಹೇಗೆ ಹೇಳದಿರುವುದು ಎಂದು ಯೋಚಿಸುತ್ತಿರುವಾಗ, ಅಮ್ಮ ಭುಜ ತಟ್ಟಿದಳು.

"ನಿಲ್ಸು."

"ಎಳೀತಿದೆ ಅಮ್ಮ. ಏನೂ ಭಯ ಇಲ್ಲ."

"ನಿಲ್ಸೇ ಅಂದ್ರೆ."

ನಿಲ್ಲಿಸಿದೆ. ಇಳಿದಳು. ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟಳು. "ನೀನು ಮೇಲ್ಗಡೆ ಇರು, ಬರ್ತೀನಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಭ್ಯಾಸಬಲ, ಪಾಪ, ಎಂದುಕೊಂಡೆ. ಎಷ್ಟು ಹೇಳಿದರೂ ಹತ್ತಲಿಲ್ಲ. ನಾನು ಮೇಲೆ ಹೋಗಿ, ಗಾಡಿ ಆಫ್ ಮಾಡಿ, ತಿರುವನ್ನು ನೋಡುತ್ತ ನಿಂತೆ.

ಅಮ್ಮ ಬರಲಿಲ್ಲ. ಹೊತ್ತಾಯಿತು, ಆದರೂ ಬರಲಿಲ್ಲ. ಬಿಸಿಲಿಗೆ ತಲೆ ಸುತ್ತಿ ಬಿದ್ದಿರಬಹುದು, ನಾನು ಹಟ ಮಾಡಿ ಕೂರಿಸಿಕೊಂಡೇ ಬರಬೇಕಿತ್ತು ಎಂದು ನನ್ನನ್ನೇ ಬೈದುಕೊಳ್ಳುತ್ತ ಕೆಳಗೆ ನಡೆದೆ. ಒಂದು ತಿರುವು ದಾಟಿ ಬಗ್ಗಿ ನೋಡಿದರೆ, ಅಮ್ಮ ರಸ್ತೆ ಪಕ್ಕದ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ. ಜಡೆ ಭುಜದ ಮೇಲೆ ಬಿದ್ದಿದೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು. ಅಮ್ಮನ ಕೈಯಲ್ಲಿ ಉಪ್ಪು ಖಾರ ಹಚ್ಚಿದ ಒಂದು ದೊಡ್ಡ ಸೀಬೆಹಣ್ಣು. ಅದನ್ನು ಅವಳು ತಿನ್ನುತ್ತಿದ್ದ ರೀತಿ ಹೇಗಿತ್ತೆಂದರೆ, ನನಗೆ ಕರೆಯಲು ಮನಸ್ಸಾಗಲಿಲ್ಲ. ಒಂದು ಕಡಿತ, ಆಮೇಲೆ ಬಯಲನ್ನು ನೋಡುವುದು, ಆಮೇಲೆ ಇನ್ನೊಂದು ಕಡಿತ. ನಲವತ್ತು ವರ್ಷಕ್ಕೂ ಮೇಲೆ ಅವಳ ಜೊತೆ ಊಟ ಮಾಡಿದ್ದೇನೆ, ಅಮ್ಮ ಇಷ್ಟು ನಿಧಾನವಾಗಿ ತಿಂದದ್ದನ್ನು ನಾನು ನೋಡಿರಲಿಲ್ಲ. ಕಳ್ಳಿಯಂತೆ ಹಿಂದಕ್ಕೆ ಹೋಗಿ ಗಾಡಿಯ ಪಕ್ಕ ನಿಂತುಕೊಂಡೆ.

ಅಮ್ಮ ಬಂದಳು. ನೀರಿನ ಬಾಟಲಿ ಕೊಟ್ಟೆ.

"ಹಣ್ಣು ಚೆನ್ನಾಗಿತ್ತಾ?" ಎಂದೆ.

ಅಮ್ಮ ಕುಡಿಯುವುದನ್ನು ನಿಲ್ಲಿಸಿದಳು. "ನೋಡಿದ್ಯಾ?"

"ನೋಡ್ದೆ."

"ಚೆನ್ನಾಗಿತ್ತು."

"ಆವಾಗ್ಲೂ ತಿಂತಿದ್ಯಾ?"

"ಮತ್ತೆ? ಬಿಸ್ಲಲ್ಲಿ ಸುಮ್ನೆ ನಡ್ಕೊಂಡ್ ಬರೋಕೆ ನಂಗೇನು ಹುಚ್ಚಾ?"

"ನಮಗೆ ಒಂದ್ಸಲಾನೂ ತರ್ಲಿಲ್ಲ."

"ಮನೇಲಿ ಹಣ್ಣು ಹೆಚ್ಚಿದ್ರೆ ಎಲ್ರಿಗೂ ಕೊಟ್ಟು ನಂಗೆ ಉಳೀತಿದ್ದಿದ್ದು ತೊಟ್ಟಿನ ಕಡೆ ಚೂರು. ಇಲ್ಲಿ ಇಡೀ ಹಣ್ಣು ನಂದೇ. ಯಾರೂ ಅಮ್ಮಾ ಅನ್ನಲ್ಲ, ಯಾರೂ ಏನೇ ಅನ್ನಲ್ಲ. ತಿಂಗಳಿಗೊಂದ್ಸಲ." ಅವಳ ದನಿಯಲ್ಲಿ ತಪ್ಪೊಪ್ಪಿಗೆಯ ಸುಳಿವೂ ಇರಲಿಲ್ಲ.

"ಸ್ಕೂಟರ್ ಎಳೀತಿರ್ಲಿಲ್ಲ ಅಂತ ನಾನು..."

"ಮೊದಮೊದ್ಲು ಎಳೀತಿರ್ಲಿಲ್ಲ. ನಿಮ್ಮಪ್ಪನಿಗೆ ಭಾಳ ಬೇಜಾರಿತ್ತು. ನನ್ನ ಇಳಿಸ್ಬಾರ್ದು ಅಂತ್ಲೇ ಯಶವಂತಪುರದಲ್ಲಿ ಕೊಟ್ಟು ಇಂಜಿನ್ ಬೋರ್ ಮಾಡ್ಸಿದ್ರು, ಹೊಸ ಪಿಸ್ಟನ್ ಹಾಕ್ಸಿದ್ರು. ಅದಾದ್ಮೇಲೆ ಬಂದಾಗ ಎಲ್ಲೂ ನಿಲ್ಸದೆ ಮೇಲಕ್ಕೆ ತಂದ್ರು. ಅವರ ಖುಷಿ ನೋಡ್ಬೇಕಿತ್ತು. ಇಳಿದ್ಮೇಲೆ ನನ್ ಮುಖ ನೋಡಿದ್ರು. ನಾನೇನೂ ಹೇಳ್ಲಿಲ್ಲ ಕಣೆ. ಮುಂದಿನ್ ತಿಂಗ್ಳು ಬುಡಕ್ಕೆ ಬರ್ತಿದ್ದಂಗೆ ಅವರೇ ಕ್ಲಚ್ ಹಿಡ್ಕೊಂಡು ಇಂಜಿನ್ ಅರಚಿಸಿದ್ರು. ಎಳೀತಿಲ್ಲ ಕಣೆ, ಇಳಿ ಅಂದ್ರು."

ನನಗೆ ಅಳು ಬಂತು. ಹೆಲ್ಮೆಟ್ ಹಾಕಿಕೊಂಡೇ ಇದ್ದದ್ದು ಅನುಕೂಲವಾಯಿತು. ಅಪ್ಪ ಅಷ್ಟು ವರ್ಷ ಒಳ್ಳೆಯ ಇಂಜಿನ್ನಿನ ಮೇಲೆ ಆರೋಪ ಹೊರಿಸಿ, ಮಕ್ಕಳ ಮುಂದೆ ಕೈಲಾಗದವರಂತೆ ನಿಂತು, ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಕಾದಿದ್ದರು. ಅವರನ್ನು ಅವಸರಪಡಿಸಿದವಳು ನಾನು. ಹೋಗಿ ಕರ್ಕೊಂಡ್ ಬರ್ಲಾ ಎಂದು ಎಷ್ಟು ಸಲ ಕೇಳಿಲ್ಲ. ಬೇಡ, ಬರ್ತಾಳೆ ಇರು, ಎನ್ನುತ್ತಿದ್ದರು.

ದೇವರ ದರ್ಶನವಾಯಿತು. ಇಳಿಯುವಾಗ ಅಮ್ಮ ಗಾಡಿಯಲ್ಲೇ ಕೂತಳು. ಬುಡಕ್ಕೆ ಬಂದ ಮೇಲೆ ಹಿಂದಿನಿಂದ, "ಅದೇನೋ ಇಂಜಿನ್ ಮಾಡಿಸ್ತೀನಿ ಅಂತಿದ್ಯಲ್ಲ" ಎಂದಳು.

"ಹೂಂ."

"ಬೇಕಿದ್ರೆ ಮಾಡಿಸ್ಕೋ. ಜೋರಾಗಿ ಹೋಗ್ಬೇಕು ಅಂತ ಆಸೆ ಇದ್ರೆ ಹೋಗು. ಸುಮ್ನೆ ನನ್ ಹೆಸರ್ ಹೇಳ್ಬೇಡ."

ನನ್ನ ಕಿವಿ ಬಿಸಿಯಾಯಿತು. ಹದಿನೈದು ದಿನಗಳಿಂದ ಏರ್‌ಪೋರ್ಟ್ ರಸ್ತೆ ಕಣ್ಣ ಮುಂದೆ ಬರುತ್ತಿದ್ದದ್ದು ಇವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳಲು ಹೋಗಲಿಲ್ಲ. ಮುಂದಿನ ಬೋರ್ಡು ಬಂತು, ಓದತೊಡಗಿದಳು.

ಭಾನುವಾರ ಗ್ಯಾರೇಜಿಗೆ ಹೋದೆವು. ಭಾಯ್ ಎಂದಿನಂತೆ ಸುರೇಶರ ಕಡೆ ತಿರುಗಿ, "ಎಲ್ಲಿ ದಮ್ ಕಟ್ತು ಸಾರ್?" ಎಂದು ಕೇಳಿದರು.

"ಓಡಿಸಿದ್ದು ಅವಳು, ಅವಳನ್ನೇ ಕೇಳಿ" ಎಂದರು ಸುರೇಶರು.

"ಎಲ್ಲೂ ಕಟ್ಲಿಲ್ಲ ಭಾಯ್" ಎಂದೆ. "ಕ್ಯಾಮ್ ಓಡೋದೇ ಹಾಕಿ."

ಭಾಯ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಅವರ ಮುಖದಲ್ಲಿ ನಿಜವಾದ ಕಳವಳವಿತ್ತು. "ಮತ್ತೆ ಅಮ್ಮ, ಮೇಡಂ? ಏರಿಗೆ ಏನ್ ಮಾಡ್ತೀರ?"

"ಅಮ್ಮ ನಡ್ಕೊಂಡ್ ಬರ್ತಾರೆ" ಎಂದೆ.